ವೇಷ ಅಂತ ಬರೆದವಳು ನಾನೇ

ಈ ವರ್ಷ ಯುಗಾದಿ ಮುಗಿದ ವಾರ ನಮ್ಮ ಪ್ರೆಸ್ಸಿಗೆ ಒಬ್ಬರು ಗೃಹಪ್ರವೇಶದ ಕಾರ್ಡು ಮಾಡಿಸಲು ಬಂದರು. ನಮ್ಮ ಪ್ರೆಸ್ಸು ಅಂದರೆ ಗದಗಿನಲ್ಲಿ ನಮ್ಮ ಅಣ್ಣ ನಡೆಸುವ ಸಣ್ಣ ಆಫ್‌ಸೆಟ್ ಪ್ರೆಸ್ಸು. ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ನಮ್ಮ ಅಪ್ಪ ಇಲ್ಲೇ ಬೇರೆಯವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ನಾನು ಪತ್ರಿಕೆಯ ಕೆಲಸ ಬಿಟ್ಟಮೇಲೆ ವಾರಕ್ಕೆ ಮೂರು ದಿನ ಹುಬ್ಬಳ್ಳಿಯಿಂದ ಬಂದು ಪ್ರೂಫ್ ನೋಡಿಕೊಡುತ್ತೇನೆ.

ಕಾರ್ಡು ಮಾಡಿಸುವವರು ಸಾಮಾನ್ಯವಾಗಿ ಯಾರದೋ ಹಳೆಯ ಕಾರ್ಡು ತಂದು, "ಹಿಂಗ ಹಾಕ್ರಿ, ಹೆಸರಷ್ಟ ಬದಲ ಮಾಡ್ರಿ" ಅನ್ನುತ್ತಾರೆ. ಇವರೂ ಹಾಗೇ ತಂದಿದ್ದರು. ಕಂಪ್ಯೂಟರ್ ಮುಂದೆ ಕೂತ ಹುಡುಗ ಟೈಪ್ ಮಾಡುತ್ತಾ ಹೋದ. ಕರೆಯುವವರ ಹೆಸರಿನ ಜಾಗಕ್ಕೆ ಬಂದು ನಿಂತುಬಿಟ್ಟ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಕ್ಕಾರ, ಶ್ರೀ ಹಾಕಲೋ, ಶ್ರೀಮತಿ ಹಾಕಲೋ?"

ಎದುರಿಗೆ ನಿಂತವರು ನಲವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಬಿಗಿಯಾಗಿ ಕಟ್ಟಿದ ತುರುಬು. ಧ್ವನಿ ಮಾತ್ರ ಸ್ವಲ್ಪ ದಪ್ಪ. ಹುಡುಗನಿಗೆ ಗೊಂದಲ ಆಗಿದ್ದು ಅಲ್ಲೇ. ನಾನು ಎದ್ದು ಹೋಗಿ ಅವರ ಮುಖ ನೋಡಿದೆ. ಅವರೂ ನನ್ನನ್ನು ನೋಡಿದರು. "ಅಕ್ಕಾರ, ನೀವು ಬೆಟಗೇರಿಯಾಗ ನಮ್ಮ ಎದುರು ಮನಿಯವರಲ್ರೀ?" ಅಂದರು.

ನನ್ನ ಕೈ ತಣ್ಣಗಾಯಿತು. 2004ರಲ್ಲಿ ಇವರ ಬಗ್ಗೆ ನಾನು ಒಂದು ಸಾಲು ಬರೆದಿದ್ದೆ. ಬರೆದವಳು ನಾನು ಅಂತ ಈವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಅವ್ವನಿಗೂ ಹೇಳಿರಲಿಲ್ಲ. ಈಗ ಅವರನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ.

ಬೆಟಗೇರಿಯಲ್ಲಿ ನಮ್ಮ ಎದುರು ಮನೆ ನೇಕಾರರದು. ಬೆಳಗಿನಿಂದ ರಾತ್ರಿವರೆಗೂ ಮಗ್ಗದ ಸದ್ದು. ಆ ಮನೆಯ ಕಿರಿ ಮಗು ಇವರು. ನನಗಿಂತ ಹದಿನಾಲ್ಕು ವರ್ಷ ಸಣ್ಣವರು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಇವರಿಗೆ ಆರೇಳು ವರ್ಷ ಇರಬೇಕು.

ನಮ್ಮ ಕಾಕಾ ಹಗಲು ಹತ್ತಿ ಅಡತಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಜಾತ್ರೆಯ ದಿನಗಳಲ್ಲಿ ಸಣ್ಣಾಟದ ಮೇಳದ ಜೊತೆ ಹೊರಡುತ್ತಿದ್ದರು. ಅವರದು ಯಾವಾಗಲೂ ಹೆಣ್ಣಿನ ಪಾತ್ರ. ರೋಣ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ಹಳ್ಳಿಯವರು ಅವರೇ ಬೇಕು ಅಂತ ಹೇಳಿ ಕಳಿಸುತ್ತಿದ್ದರು. ಸೀರೆ ಎದುರು ಮನೆಯಿಂದ ಬರುತ್ತಿತ್ತು. ಕಾಕಾ ಕಾಡಿಗೆ ಹಚ್ಚುವಾಗ, ನೆರಿಗೆ ಹಿಡಿಯುವಾಗ ಕನ್ನಡಿ ಹಿಡಿದು ನಿಲ್ಲೋದು ಈ ಮಗುವಿನ ಕೆಲಸ. ಕೈ ಸೋತು ನಡುಗಿದರೂ ಕನ್ನಡಿ ಇಳಿಸುತ್ತಿರಲಿಲ್ಲ. ಕಣ್ಣು ರೆಪ್ಪೆ ಬಡಿಯದೆ ಕಾಕಾನ ಮುಖವನ್ನೇ ನೋಡುತ್ತಿತ್ತು. "ಈ ಕೂಸಿಗೆ ಆಟದ ಹುಚ್ಚು" ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಕಾಕಾನನ್ನು ನೋಡಿ ಊರಲ್ಲಿ ಯಾರೂ ನಕ್ಕಿದ್ದು ನನಗೆ ನೆನಪಿಲ್ಲ. "ಏನ್ ಗತ್ತು, ಏನ್ ನಡಿಗಿ!" ಅಂತ ಹೆಂಗಸರೇ ಹೊಗಳುತ್ತಿದ್ದರು. ನಮ್ಮ ಸೀಮೆಗೆ ಇದು ಹೊಸದೇನಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಹೆಣ್ಣಿನ ಪಾತ್ರದಲ್ಲಿ ಸೀರೆ ಉಟ್ಟ ರೀತಿಯನ್ನು ನೋಡಿ ಮನೆ ಹೆಂಗಸರು ಹಾಗೇ ಉಡಲು ಶುರು ಮಾಡಿದರಂತೆ. ಅಜ್ಜಿ ಹೇಳುತ್ತಿದ್ದಳು. ಬಸವಣ್ಣನ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರು ಮೊದಲು ಸ್ತ್ರೀಪಾತ್ರ ಮಾಡುತ್ತಿದ್ದವರು. 2017ರಲ್ಲಿ ಅವರು ನೂರು ದಾಟಿ ತೀರಿಕೊಂಡಾಗ ನಾವು ಅದನ್ನು ಹೆಮ್ಮೆಯಿಂದ ಬರೆದೆವು. ಆ ಪುಟ ಮಾಡಿದವರಲ್ಲಿ ನಾನೂ ಒಬ್ಬಳು.

ನಮ್ಮ ಮನೆಯಲ್ಲಿ ವೇಷ ಅನ್ನೋದು ಮರ್ಯಾದೆಯ ಮಾತು. "ನಿಮ್ಮ ಕಾಕಾನ ವೇಷ ಆತೇನ್ ನೋಡು, ಚಹಾ ಕೊಡ್ತೀನಿ" ಅಂತ ಅವ್ವ ಒಳಗಿನಿಂದ ಕೂಗುತ್ತಿದ್ದಳು.

1999ರಲ್ಲಿ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿಗೆ ಸೇರಿದೆ. ಪತ್ರಿಕೆಯ ಹೆಸರು ಬೇಡ. ನಾವು ಮಾಡಿದ್ದನ್ನೇ ಆಗ ಬಹಳ ಜನ ಮಾಡುತ್ತಿದ್ದರು. ಗದಗ, ಹಾವೇರಿ ಪುಟಗಳು ನನ್ನ ಕೈಯಲ್ಲಿದ್ದವು. ತಾಲ್ಲೂಕಿನ ವರದಿಗಾರರು ಫ್ಯಾಕ್ಸ್ ಮಾಡುತ್ತಿದ್ದರು. ಕೈಬರಹ ಓದಿ, ತಿದ್ದಿ, ತಲೆಬರಹ ಕೊಟ್ಟು, ರಾತ್ರಿ ಹನ್ನೆರಡರ ಒಳಗೆ ಪುಟ ಬಿಡಬೇಕು. ತಡವಾದರೆ ವ್ಯಾನು ತಪ್ಪುತ್ತದೆ.

ಕನ್ನಡದಲ್ಲಿ ಸುದ್ದಿ ತಿದ್ದುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ವಾಕ್ಯದ ಕೊನೆಗೆ ಬಂದಾಗ ಹೇಳಲೇಬೇಕು. ಬಂದನೋ, ಬಂದಳೋ, ಬಂದರೋ, ಬಂತೋ? ಸುಮ್ನೆ ದಾಟಿ ಹೋಗಲು ಆಗುವುದಿಲ್ಲ. ಪತ್ರಿಕೆಗಳಲ್ಲಿ ಇದಕ್ಕೆ ಒಂದು ರೂಢಿ ಇತ್ತು. ಮಂತ್ರಿ, ಮಾಸ್ತರು, ಸ್ವಾಮಿಗಳು ಎಲ್ಲ 'ಅವರು'. ಕಳ್ಳ, ಆರೋಪಿ 'ಆತ', 'ಈತ'. ಗಂಡಾಗಿ ಹುಟ್ಟಿ ಸೀರೆ ಉಟ್ಟವರ ಸುದ್ದಿ ಬಂದರೆ ನಮ್ಮ ಕೈ ತಾನಾಗಿಯೇ 'ಆತ' ಅಂತ ಬರೆಯುತ್ತಿತ್ತು. ಹೊಡೆತ ತಿಂದವರಿಗೂ ಆತ. ಕೊಲೆಯಾದವರಿಗೂ ಆತ. ಡೆಸ್ಕಿನ ಮಾತುಕತೆಯಲ್ಲಂತೂ 'ಅದು'. "ಅದು ಎಲ್ಲಿ ಸಿಕ್ಕಿತಂತೆ?" ಅಂತ ನಾನೇ ಫೋನಿನಲ್ಲಿ ಕೇಳಿದ್ದೇನೆ.

'ಅವರು' ಅಂತ ಬರೆಯಬಹುದಿತ್ತು. ಆ ಮಾತು ಗಂಡೋ ಹೆಣ್ಣೋ ಅಂತ ಕೇಳುವುದಿಲ್ಲ. ಮರ್ಯಾದೆಯನ್ನೂ ಕೊಡುತ್ತದೆ. ಅದಕ್ಕೆ ಹೊಸ ಪದ ಹುಡುಕಬೇಕಿರಲಿಲ್ಲ, ಯಾವ ತರಬೇತಿಯೂ ಬೇಕಿರಲಿಲ್ಲ. ನಾವು ದಿನಾ ಎಲ್ಲರಿಗೂ ಬಳಸುತ್ತಿದ್ದ ಮಾತು. ಇವರಿಗೆ ಮಾತ್ರ ಬಳಸಲಿಲ್ಲ. ಇಷ್ಟು ವರ್ಷ ಆದಮೇಲೆ ಯೋಚನೆ ಮಾಡಿದರೆ ನನ್ನನ್ನು ಜಾಸ್ತಿ ಚುಚ್ಚೋದು ಇದೇ.

2004ರ ಒಂದು ರಾತ್ರಿ, ಪುಟ ಮುಗಿಯುತ್ತಾ ಬಂದಿತ್ತು. ಮೂರನೇ ಕಾಲಂನ ಕೆಳಗೆ ಜಾಗ ಖಾಲಿ. ಫೋಟೊಗ್ರಾಫರ್ ಒಂದು ಚಿತ್ರ ತಂದುಕೊಟ್ಟ. ಠಾಣೆಯ ಅಂಗಳದಲ್ಲಿ ಗೋಡೆಗೆ ಒರಗಿಸಿ ಮೂವರನ್ನು ನಿಲ್ಲಿಸಿದ್ದಾರೆ. ಮೂವರೂ ಸೀರೆಯಲ್ಲಿ. ಒಬ್ಬರು ಸೆರಗಿನಿಂದ ಮುಖ ಮುಚ್ಚಿಕೊಳ್ಳಲು ಹೋಗಿದ್ದಾರೆ, ಯಾರದೋ ಕೈ ಆ ಸೆರಗನ್ನು ಹಿಡಿದು ಎಳೆದಿದೆ. ಕೈ ಮಾತ್ರ ಚಿತ್ರದಲ್ಲಿದೆ, ಕೈಯವರು ಇಲ್ಲ. ಜೊತೆಗೆ ಚೀಟಿಯಲ್ಲಿ ಮೂರು ಹೆಸರು, ಮೂರು ಊರು. ಹೆಸರು ಅಂದರೆ ಅಪ್ಪ ಅಮ್ಮ ಇಟ್ಟ ಗಂಡು ಹೆಸರು.

ನಾನು ಬರೆದೆ: "ಹೆಣ್ಣಿನ ವೇಷ ತೊಟ್ಟು ತಿರುಗುತ್ತಿದ್ದ ಮೂವರು ಯುವಕರು ಪೊಲೀಸರ ಬಲೆಗೆ." ಕೆಳಗೆ ಮೂರು ಹೆಸರನ್ನೂ ಊರನ್ನೂ ಹಾಕಿದೆ. ಕೇಸು ಏನು ಅಂತ ಕೇಳಲಿಲ್ಲ. ಯಾರು ದೂರು ಕೊಟ್ಟರು ಅಂತ ಕೇಳಲಿಲ್ಲ. ಪುಟ ಬಿಟ್ಟೆ. ಮನೆಗೆ ಹೋಗಿ ಮಲಗಿದೆ.

ಮೂರು ದಿನದ ಮೇಲೆ ಅವ್ವ ಫೋನ್ ಮಾಡಿದಳು. ಎದುರು ಮನೆಯ ಕಿರಿ ಮಗನ ಫೋಟೊ ಪೇಪರಿನಲ್ಲಿ ಬಂದಿದೆ, ಮನೆಯಲ್ಲಿ ಒಲೆ ಹಚ್ಚಿಲ್ಲ, ಅವರಪ್ಪ ಮಗ್ಗದ ಮೇಲೆ ಕೂತಿಲ್ಲ ಅಂದಳು. ಕೈಯಲ್ಲಿ ರಿಸೀವರ್ ಹಿಡಿದು ನಿಂತಿದ್ದೆ. "ನೀ ಇರೂ ಪೇಪರಿನ್ಯಾಗ ಬಂದೈತಂತ, ನಿನಗ ಗೊತ್ತಾಗಲಿಲ್ಲೇನವಾ?" ಅಂತ ಅವ್ವ ಕೇಳಿದಳು. ಗೊತ್ತಾಗಲಿಲ್ಲ ಅಂದೆ. ಅರ್ಧ ನಿಜ. ಆ ಚಿತ್ರದಲ್ಲಿ ಕನ್ನಡಿ ಹಿಡಿದ ಕೂಸು ನನಗೆ ಕಂಡಿರಲಿಲ್ಲ. ನಾನು ಮುಖಗಳನ್ನೇ ಸರಿಯಾಗಿ ನೋಡಿರಲಿಲ್ಲ.

ಆಗ ಕೆಲಸ ಬಿಡಬೇಕಿತ್ತು ಅಂತ ಹೇಳುವುದಿಲ್ಲ. ಬಿಡಲಿಲ್ಲ. ಆದರೆ ಅಲ್ಲಿಂದ ಮುಂದೆ ನಾನು ನಮ್ಮ ಪುಟಗಳನ್ನು ಬೇರೆ ರೀತಿ ನೋಡಲು ಶುರು ಮಾಡಿದೆ. ಇವರಂಥವರು ಎಲ್ಲಿ ಬರುತ್ತಾರೆ, ಎಲ್ಲಿ ಬರುವುದಿಲ್ಲ ಅಂತ.

ಅಪರಾಧದ ಸುದ್ದಿಯಲ್ಲಿ ಬರುತ್ತಿದ್ದರು. ಇನ್ನೊಂದು ಕಡೆಯೂ ಬರುತ್ತಿದ್ದರು, ಭಾರತ ಹುಣ್ಣಿಮೆಯ ಮರುದಿನ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಮ್ಮ ಕಡೆಯಿಂದ ಚಕ್ಕಡಿ, ಟ್ರ್ಯಾಕ್ಟರು ಸಾಲುಗಟ್ಟಿ ಹೋಗುತ್ತವೆ. ಚೌಡಿಕೆ ನುಡಿಸುತ್ತಾ, ಮೈ ತುಂಬ ಭಂಡಾರ ಬಳಿದುಕೊಂಡು, "ಉಧೋ ಉಧೋ" ಅಂತ ಹೊರಟ ಜೋಗಪ್ಪಗಳ ಬಣ್ಣದ ಚಿತ್ರ ಮೊದಲ ಪುಟಕ್ಕೇ ಹೋಗುತ್ತಿತ್ತು. ಜೋಗಪ್ಪ ಅಂದರೆ ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟು ಬದುಕುವವರು. ಜೋಗಮ್ಮ, ಜೋಗತಿ ಅಂತಲೂ ಅವರನ್ನು ಕರೆಯುತ್ತಾರೆ. ನೋಡಲು ಚೆಂದ. ಆದರೆ ಆ ಚಿತ್ರದ ಕೆಳಗೆ ಹೆಸರು ಇರುತ್ತಿರಲಿಲ್ಲ. ಅಪರಾಧದ ಸುದ್ದಿಯಲ್ಲಿ ಹೆಸರು, ಊರು, ವಯಸ್ಸು ಎಲ್ಲ ಇರುತ್ತಿತ್ತು. ಜಾತ್ರೆಯ ಚಿತ್ರದಲ್ಲಿ 'ಭಕ್ತರು'.

ನಾನು ಸಣ್ಣವಳಿದ್ದಾಗ ಜೋಗಪ್ಪ ಮನೆ ಬಾಗಿಲಿಗೆ ಬಂದರೆ ಅವ್ವ ಮೊರದಲ್ಲಿ ಜೋಳ ತಂದು ನೀಡುತ್ತಿದ್ದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಮಳೆಯದು, ಬೆಲೆಯದು, ಯಾರದೋ ಮಗಳ ಬಾಣಂತನದ್ದು. ಎಲ್ಲರೂ ಮಾತಾಡುವ ಮಾತೇ. ಪತ್ರಿಕೆಯಲ್ಲಿ ಅಂಥ ಮಾತಿಗೆ ಅವರನ್ನು ಯಾರೂ ಕೇಳುತ್ತಿರಲಿಲ್ಲ.

2019ರ ಆಗಸ್ಟಿನ ಪ್ರವಾಹ ನಿಮಗೆ ನೆನಪಿರಬಹುದು. ನವಿಲುತೀರ್ಥದ ರೇಣುಕಾಸಾಗರದಿಂದ ನೀರು ಬಿಟ್ಟು, ಮಲಪ್ರಭೆ ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರು ಕಡೆ ಮನೆಗಳಿಗೆ ನುಗ್ಗಿತು. ನಮ್ಮ ವರದಿಗಾರನೊಬ್ಬ ಗಂಜಿ ಕೇಂದ್ರದಿಂದ ಒಳ್ಳೆಯ ವರದಿ ಕಳಿಸಿದ. ನಾಲ್ಕು ಜನರನ್ನು ಮಾತಾಡಿಸಿದ್ದ. ಅದರಲ್ಲಿ ಒಬ್ಬರು ಜೋಗಮ್ಮ. ಮನೆ ಬಿದ್ದಿದೆ, ಎರಡು ಆಡು ತೇಲಿ ಹೋದವು, ಚೌಡಿಕೆಯೊಂದನ್ನು ಎದೆಗವಚಿಕೊಂಡು ಬಂದೆ ಅಂತ ಹೇಳಿದ್ದರು. ಇಡೀ ವರದಿಯಲ್ಲಿ ಎದೆಗೆ ತಾಗುವ ಮಾತು ಅದೇ. "ಇವರದ್ಯಾಕೆ, ಬೇರೆ ಹೆಂಗಸರದು ಹಾಕಿ" ಅಂತ ಮೇಲಿನವರು ಅದನ್ನು ತೆಗೆಸಿದರು. ನಾನು ಜಗಳ ಮಾಡಿದೆ. ಉಪಯೋಗ ಆಗಲಿಲ್ಲ. ಮನೆ ಕಳೆದುಕೊಂಡ ಅವರು ಮರುದಿನದ ಪೇಪರಿನಲ್ಲಿ ಇರಲಿಲ್ಲ. ಅದೇ ಜೋಗಮ್ಮ ಆ ಗಂಜಿ ಕೇಂದ್ರದಲ್ಲಿ ಜಗ್ಗಾಡಿದ್ದರೆ ಎರಡು ಕಾಲಂ ಜಾಗ ಸಿಗುತ್ತಿತ್ತು.

ಇಷ್ಟರಲ್ಲಿ ಟಿವಿಯೂ ಬಂದಿತ್ತು. ದಿನವಿಡೀ ಸುದ್ದಿ ಹೇಳುವ ಕನ್ನಡ ವಾಹಿನಿಗಳು. ರಾತ್ರಿಯ ಕ್ರೈಂ ಕಾರ್ಯಕ್ರಮಗಳು. 'ಮಂಗಳಮುಖಿಯರ ಅಟ್ಟಹಾಸ' ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇವೆ ಅಲ್ವಾ? ಮಂಗಳಮುಖಿ ಅನ್ನೋದು ಎಷ್ಟು ಒಳ್ಳೆಯ ಪದ. ಅದರ ಪಕ್ಕಕ್ಕೆ ಯಾವಾಗಲೂ ಅಟ್ಟಹಾಸವನ್ನೇ ಕೂರಿಸಿ, ಪದಕ್ಕೇ ಮಸಿ ಹತ್ತಿಸಿದರು. ಟೋಲ್ ನಾಕಾದಲ್ಲಿ ನಡೆದ ಎರಡು ನಿಮಿಷದ ಜಗಳವನ್ನು ಅರ್ಧ ಗಂಟೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ಇನ್ನು ನಗೆ ಕಾರ್ಯಕ್ರಮಗಳು. ಗಂಡಸರು ಸೀರೆ ಉಟ್ಟು ಸೊಂಟ ತಿರುಗಿಸಿದರೆ ಸಾಕು, ನಗು. ಕಾಕಾ ಪಾತ್ರ ಮಾಡುವಾಗ ಹೆಣ್ಣಿನ ನೋವನ್ನು ಹಾಡಿ ಜನರನ್ನು ಅಳಿಸುತ್ತಿದ್ದರು. ಇಲ್ಲಿ ಸೀರೆ ಉಟ್ಟಿದ್ದೇ ನಗುವ ವಿಷಯ. ನಮ್ಮ ಓಣಿಯಲ್ಲಿ ಮೆತ್ತಗೆ ಮಾತಾಡುವ ಒಬ್ಬ ಹುಡುಗನಿಗೆ ಅಂಥ ಒಂದು ಪಾತ್ರದ ಹೆಸರಿಟ್ಟು ಶಾಲೆಯಲ್ಲಿ ಕಾಡುತ್ತಿದ್ದರು. ಅವನು ಎಂಟನೇ ಇಯತ್ತೆಯ ನಡುವೆ ಶಾಲೆ ಬಿಟ್ಟ.

ಕ್ಯಾಮೆರಾ ಏನು ಮಾಡಬಲ್ಲದು ಅಂತ ನನಗೆ ನಿಜವಾಗಿ ತಿಳಿದದ್ದು 2010ರಲ್ಲಿ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ರಾಮಚಂದ್ರ ಸಿರಸ್ ಅವರ ಮನೆಗೆ ಫೆಬ್ರವರಿಯ ಒಂದು ರಾತ್ರಿ ಕ್ಯಾಮೆರಾ ಹಿಡಿದವರು ನುಗ್ಗಿದರು. ಅವರು ಇನ್ನೊಬ್ಬ ಗಂಡಸಿನ ಜೊತೆ ಇದ್ದದ್ದನ್ನು ಚಿತ್ರ ಮಾಡಿದರು. ವಿಶ್ವವಿದ್ಯಾಲಯ ಸಸ್ಪೆಂಡ್ ಮಾಡಿದ್ದು ಅವರನ್ನೇ. ಏಪ್ರಿಲ್ ಮೊದಲ ದಿನ ಅಲಹಾಬಾದ್ ಹೈಕೋರ್ಟು ಅವರ ಪರವಾಗಿ ಹೇಳಿತು. ಒಂದು ವಾರದೊಳಗೆ ಅವರು ತಮ್ಮ ಕೋಣೆಯಲ್ಲಿ ಸತ್ತು ಬಿದ್ದಿದ್ದರು. ಏಜೆನ್ಸಿಯಿಂದ ಬಂದ ಆ ಸುದ್ದಿಯನ್ನು ಕನ್ನಡಕ್ಕೆ ಮಾಡಿದವಳು ನಾನು. ಮಾಡುವಾಗೆಲ್ಲ ಠಾಣೆಯ ಅಂಗಳದಲ್ಲಿ ಸೆರಗು ಎಳೆದ ಆ ಕೈ ಕಣ್ಣ ಮುಂದೆ ಬರುತ್ತಿತ್ತು. ಆ ಕೈಯಲ್ಲಿ ನನ್ನದೂ ಒಂದು ಪಾಲಿತ್ತು.

ಮುಂದಿನ ವರ್ಷ ಹೈದರಾಬಾದಿನ ಒಂದು ತೆಲುಗು ವಾಹಿನಿ ಅಲ್ಲಿನ ಸಲಿಂಗಿಗಳ ಖಾಸಗಿ ಬದುಕನ್ನು ಕದ್ದು ತೋರಿಸಿತು. ಸುದ್ದಿವಾಹಿನಿಗಳದೇ ಸಂಸ್ಥೆ ಅದಕ್ಕೆ 1 ಲಕ್ಷ ರೂಪಾಯಿ ದಂಡ ಹಾಕಿ, ತೆರೆಯ ಮೇಲೆ ಕ್ಷಮೆ ಕೇಳಿಸಿತು. ಆ ಸುದ್ದಿಯನ್ನು ನಮ್ಮಲ್ಲಿ ಒಳಪುಟದಲ್ಲಿ ನಾಲ್ಕು ಸಾಲು ಹಾಕಿದೆವು. ಹಾಕಿದೆವಲ್ಲ ಅನ್ನೋದೇ ನನಗೆ ಆಗ ಸಮಾಧಾನ.

ಇನ್ನು 'ಸಲಿಂಗಕಾಮಿ' ಅನ್ನುವ ಪದ. ಇದರ ಬಗ್ಗೆ ನನಗೆ ಬಹಳ ಸಿಟ್ಟಿದೆ. ಒಂದು ಹುಡುಗ ಒಂದು ಹುಡುಗಿ ಮನೆ ಬಿಟ್ಟು ಹೋದರೆ ಪತ್ರಿಕೆಯಲ್ಲಿ 'ಪ್ರೇಮಿಗಳು'. ಇಬ್ಬರು ಹುಡುಗಿಯರು ಹೋದರೆ ಮೊದಲ ದಿನ 'ಗೆಳತಿಯರು ನಾಪತ್ತೆ', ಎರಡನೇ ದಿನ 'ಸಲಿಂಗಕಾಮದ ಶಂಕೆ'. ನಮ್ಮ ಪುಟಗಳಲ್ಲಿ ಕಾಮ ಅನ್ನುವ ಪದ ಎಲ್ಲಿ ಬರುತ್ತಿತ್ತು? ಕಾಮುಕ, ಕಾಮಾಂಧ, ಕಾಮುಕ ಶಿಕ್ಷಕ. ಎಲ್ಲ ಅತ್ಯಾಚಾರದ ಸುದ್ದಿಗಳಲ್ಲಿ. ಅದೇ ಪದವನ್ನು ತಂದು ಇಬ್ಬರು ಮನುಷ್ಯರ ಪ್ರೀತಿಗೆ ಅಂಟಿಸುತ್ತಿದ್ದೆವು. ಮೇಲೆ 'ಶಂಕೆ' ಬೇರೆ. ಓದಿದವರ ಮನಸ್ಸಿನಲ್ಲಿ ಏನು ಕೂರುತ್ತದೆ ನೀವೇ ಹೇಳಿ. ಆ ಹುಡುಗಿಯರು ಮನೆಗೆ ಹೊರಳಿ ಬಂದರೆ ಅವರನ್ನು ಯಾರು ಹೇಗೆ ನೋಡುತ್ತಾರೆ?

2018ರ ಸೆಪ್ಟೆಂಬರ್ 6. ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಭಾಗವನ್ನು ತೆಗೆದುಹಾಕಿತು. 1860ರಿಂದ ಇದ್ದ ಕಾನೂನು. ಇಬ್ಬರು ವಯಸ್ಕರು ಒಪ್ಪಿ ಕೂಡಿದ್ದು ಅಪರಾಧ ಅಲ್ಲ ಅಂತ ತೀರ್ಪು. ಅವತ್ತು ಸಂಜೆ ಮೊದಲ ಪುಟ ಮಾಡುತ್ತಿದ್ದದ್ದು ಹಾವೇರಿ ಕಡೆಯ ಒಬ್ಬ ಹುಡುಗ. ಬಹಳ ಚುರುಕು, ಮಾತು ಕಡಿಮೆ. "ಸಲಿಂಗಕಾಮ ಅಪರಾಧವಲ್ಲ" ಅಂತ ತಲೆಬರಹ ಬಂದಿತ್ತು. ಅವನು ಅದನ್ನು ತೆಗೆದು "ಸಲಿಂಗ ಪ್ರೀತಿ ಅಪರಾಧವಲ್ಲ" ಅಂತ ಮಾಡಿದ. ಮೇಲಿನವರು ಬಂದು, ಪ್ರೀತಿ ಅಂತ ಕೋರ್ಟು ಎಲ್ಲಿ ಹೇಳಿದೆ ಅಂತ ಕೇಳಿ, ಮೊದಲಿನ ಹಾಗೇ ಮಾಡಿಸಿದರು. ಹುಡುಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಕೂತು ಪುಟ ಮುಗಿಸಿದ. ಮರುವರ್ಷ ಬೆಂಗಳೂರಿಗೆ ಹೋದ. ಅವನು ಯಾಕೆ ಹಾಗೆ ಮಾಡಿದ ಅಂತ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ. ಆದರೆ ಅವತ್ತು ನಾನು ಅವನ ಪಕ್ಕಕ್ಕೆ ನಿಂತು ಒಂದು ಮಾತು ಆಡಬೇಕಿತ್ತು.

ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ಮೂರನೆಯ ಲಿಂಗವೋ ಅನ್ನೋದನ್ನು ಆ ಮನುಷ್ಯರೇ ಹೇಳಬೇಕು ಅಂದಿತು. ಅದರ ನಂತರ ನಮ್ಮ ಕಾಪಿಗಳಲ್ಲಿ ಹಳೆಯ ಬೈಗುಳದಂಥ ಪದಗಳು ಕಡಿಮೆಯಾದವು. 'ಲಿಂಗತ್ವ ಅಲ್ಪಸಂಖ್ಯಾತರು' ಬಂತು. ನಾಲಿಗೆಗೆ ಭಾರ, ಆದರೂ ಯಾರನ್ನೂ ಹೀಗಳೆಯುವುದಿಲ್ಲ. 2015ರಲ್ಲಿ ಸಂಚಾರಿ ವಿಜಯ್ ಅವರಿಗೆ ಉತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಹುಡುಗನಾಗಿ ಹುಟ್ಟಿ ಹೆಣ್ಣಾಗಿ ಬದುಕುವವರ ಪಾತ್ರಕ್ಕೆ. ಅವರು ಮಾಡಿದ್ದು ವೇಷ, ನಮ್ಮ ಕಾಕಾ ಮಾಡುತ್ತಿದ್ದ ಹಾಗೆ, ಮನಸ್ಸಿಟ್ಟು ಮಾಡಿದ ವೇಷ. ನಮ್ಮ ಪುರವಣಿಯಲ್ಲಿ ಪುಟ ತುಂಬ ಬರೆದೆವು. ಆದರೆ ಆ ಬದುಕನ್ನೇ ಬದುಕುತ್ತಿರುವ ಒಬ್ಬರನ್ನಾದರೂ ಮಾತಾಡಿಸಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

2021ರ ನವೆಂಬರ್ ನನಗೆ ಮರೆಯಲಾಗದ ತಿಂಗಳು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. 2019ರಲ್ಲೇ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಪ್ರಶಸ್ತಿ ತೆಗೆದುಕೊಳ್ಳುವ ಮೊದಲು ತಮ್ಮ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರು. ನಮ್ಮ ಮನೆ ಬಾಗಿಲಿನಲ್ಲಿ ಜೋಗಮ್ಮಗಳು ಕೂಸುಗಳಿಗೆ ದೃಷ್ಟಿ ತೆಗೆಯುತ್ತಿದ್ದದ್ದು ಹಾಗೇ. ಆ ಚಿತ್ರವನ್ನು ಮೊದಲ ಪುಟಕ್ಕೆ ಹಾಕಿದೆವು. "ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸಿದರು." ಸ್ವೀಕರಿಸಿದರು. ಟೈಪ್ ಆಗಿದ್ದ ಆ ಪದವನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಅದೇ ದಿನ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಯಾವುದೋ ಊರಲ್ಲಿ ಒಬ್ಬ ಜೋಗಮ್ಮನನ್ನು ಮಕ್ಕಳ ಕಳ್ಳಿ ಅಂತ ಹೊಡೆದಿದ್ದರು. ಅಲ್ಲಿ 'ಈತ' ಅಂತಲೇ ಇತ್ತು. ನಾನು ತಿದ್ದಿದೆ. ಪದ್ಮಶ್ರೀ ಬಂದವರಿಗೆ 'ಅವರು', ಪೆಟ್ಟು ತಿಂದವರಿಗೆ 'ಈತ' ಅನ್ನೋದನ್ನು ಅವತ್ತು ನನ್ನಿಂದ ತಡೆಯಲಾಗಲಿಲ್ಲ.

2022ರ ಮಾರ್ಚಿನಲ್ಲಿ ಕೆಲಸ ಬಿಟ್ಟೆ. ಅದೇ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ, ಮದ್ರಾಸ್ ಹೈಕೋರ್ಟು ಹೇಳಿದ್ದರಿಂದ, ಇವರನ್ನೆಲ್ಲ ಯಾವ ಪದದಿಂದ ಕರೆಯಬೇಕು ಅಂತ ಪಟ್ಟಿ ಮಾಡಿ ಗೆಜೆಟ್ಟಿನಲ್ಲಿ ಹಾಕಿತು. ಓದಿ ಖುಷಿಯಾಯಿತು. 1999ರಲ್ಲಿ ನನ್ನ ಮೇಜಿನ ಮೇಲೆ ಅಂಥದ್ದೊಂದು ಹಾಳೆ ಇರಬೇಕಿತ್ತು ಅನ್ನಿಸಿತು.

ಪ್ರೆಸ್ಸಿಗೆ ಬಂದವರನ್ನು ಒಳಗೆ ಕರೆದು ಕೂರಿಸಿದೆ. ಚಹಾ ತರಿಸಿದೆ. ಹೊಲಿಗೆ ಕೆಲಸ ಮಾಡುತ್ತಾರಂತೆ, ಜಂಪರು, ಶಾಲೆಯ ಯೂನಿಫಾರ್ಮು. ಕೂಡಿಟ್ಟ ದುಡ್ಡಿನಲ್ಲಿ ಎರಡು ಕೋಣೆಯ ಮನೆ. ಅವ್ವ ಈಗ ಇವರ ಜೊತೆಗೇ ಇದ್ದಾಳೆ. ಮಾತು ತಾನಾಗಿಯೇ ಆ ರಾತ್ರಿಗೆ ಬಂತು. ಅವತ್ತು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಟ್ಟೆ ತೆಗೆದುಕೊಂಡು ಗದಗಿನ ಬಸ್ಸಿಗೆ ಕಾಯುತ್ತಿದ್ದರಂತೆ. ಕೊನೆಯ ಬಸ್ಸು ತಪ್ಪಿತ್ತು. ಅಲ್ಲಿಂದ ಎತ್ತಿಕೊಂಡು ಹೋದರು. ಕೇಸು ಇಲ್ಲ, ಏನಿಲ್ಲ. ಬೆಳಿಗ್ಗೆ ಬಿಟ್ಟರು.

"ನಾ ಊರ ಮುಟ್ಟೂದ್ರಾಗ ಪೇಪರ್ ಮುಟ್ಟಿತ್ತು ಅಕ್ಕಾರ" ಅಂದರು.

ಇನ್ನು ಸುಮ್ಮನಿರಲು ಆಗಲಿಲ್ಲ. "ಆ ಸಾಲು ಬರದಾಕಿ ನಾನ" ಅಂದೆ.

ಅವರು ಲೋಟ ಕೆಳಗಿಟ್ಟರು. "ನೀವರೀ? ನಾ ಪೊಲೀಸರ ಹೇಳಿ ಬರಿಸ್ಯಾರಂತ ತಿಳ್ಕೊಂಡಿದ್ದೆ."

"ಇಲ್ಲ. ವೇಷ ಅನ್ನೂ ಮಾತು ನಂದ."

ಆಚೆ ಮಷೀನು ಓಡುತ್ತಿತ್ತು. ಬಹಳ ಹೊತ್ತು ಅವರು ನೆಲ ನೋಡುತ್ತಾ ಕೂತರು. ಆಮೇಲೆ ಹೇಳಿದರು. "ವೇಷ ನಿಮ್ಮ ಕಾಕಾರು ಹಾಕತಿದ್ರು. ಆಟ ಮುಗದ ಮ್ಯಾಲೆ ಬಿಚ್ಚಿ ಇಡತಿದ್ರು. ಕನ್ನಡಿ ಹಿಡದಾಕಿ ನಾನಲ್ರೀ, ನೋಡೀನಿ. ನಾ ಏನ ಬಿಚ್ಚಿ ಇಡಬೇಕು, ಹೇಳ್ರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ. ಆಗಲಿ ಬಿಡ್ರಿ ಅಂತ ಅವರು ಹೇಳಲಿಲ್ಲ. ಹೇಳಬೇಕು ಅಂತ ನಾನೂ ಬಯಸುವುದಿಲ್ಲ. "ಅಪ್ಪ ಸಾಯೂತನಕ ಮಾತಾಡಿಸಲಿಲ್ಲ. ಅದನ್ನ ನೀವು ಹೊಳ್ಳಿ ಕೊಡಾಕ ಆಗೂದಿಲ್ಲ" ಅಂದರು. ಇದನ್ನು ಬರೆಯಲಾ ಅಂತ ಕೇಳಿದೆ. "ಬರೀರಿ. ಪೇಪರಿನವರು ಓದಲಿ. ನನ್ನ ಹೆಸರ ಮಾತ್ರ ಬ್ಯಾಡ. ಒಮ್ಮಿ ಬಂದದ್ದ ಸಾಕು."

ಕಾರ್ಡಿನ ಮಾತಿಗೆ ತಿರುಗಿದೆವು. ಹುಡುಗ ಇನ್ನೂ ಕಾಯುತ್ತಿದ್ದ. "ಶ್ರೀನೂ ಬ್ಯಾಡ, ಶ್ರೀಮತಿನೂ ಬ್ಯಾಡಪಾ" ಅಂದರು ಅವನಿಗೆ. "ಬರೇ ಹೆಸರ ಹಾಕು. ಸ್ವಲ್ಪ ದೊಡ್ಡ ಅಕ್ಷರದಾಗ."

ಪ್ರೂಫ್ ನೋಡಲು ಎರಡು ದಿನ ಬಿಟ್ಟು ತಮ್ಮ ಅವ್ವನನ್ನೂ ಕರೆದುಕೊಂಡು ಬಂದರು. ಮುದುಕಿಗೆ ಓದಲು ಬರುವುದಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, "ಇಕಿ ಹೆಸರ ಎಲ್ಲೈತವಾ?" ಅಂತ ನನ್ನನ್ನು ಕೇಳಿದಳು. ನಾನು ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟೆ.

ಪ್ರೂಫಿನಲ್ಲಿ ಒಂದೇ ತಪ್ಪಿತ್ತು. 'ಆಗಮನಾಭಿಲಾಷಿಗಳು' ಅನ್ನುವಲ್ಲಿ 'ಭಿ' ಬದಲು 'ಬಿ' ಬಿದ್ದಿತ್ತು. ತಿದ್ದಿದೆ. ನೂರೈವತ್ತು ಕಾರ್ಡು. ಅರಿಶಿಣ ಬಣ್ಣದ ಹಾಳೆ, ಕೆಂಪು ಅಕ್ಷರ. ಶುಕ್ರವಾರ ಸಂಜೆ ಬಂದು ಒಯ್ದರು.